ಹೊರಗಡೆಯ ಅಗುಳಿ

ಮಾರ್ಚ್ ೪, ಸೋಮವಾರ

ಮನೆಯಲ್ಲಿ ಮಾತಾಡಲು ಯಾರೂ ಇಲ್ಲದ್ದರಿಂದ ಬರೆಯಲು ಕೂತಿದ್ದೇನೆ. ಅಕ್ಕ ಇದ್ದಾಳೆ. ಆದರೆ ಅವಳಿಗೆ ಲಕ್ವ ಹೊಡೆದು ಚಳಿಗಾಲ ಪೂರ್ತಿ ಕಳೆಯಿತು. ಹೊಡೆದದ್ದು ಬಲಗೈಗೆ, ಬಲಗಾಲಿಗೆ, ಮತ್ತೆ ಮಾತಿಗೆ. ಕಾಲು ಕೋಲಿನ ಆಸರೆಯಲ್ಲಿ ಅಷ್ಟಿಷ್ಟು ಮರಳಿದೆ. ಕೈ ಮರಳಿಲ್ಲ. ಮಾತುಗಳ ಪೈಕಿ ಒಂದೇ ಒಂದು ಉಳಿದಿದೆ: "ನಾಳೆ." ಚಹಾ ಬೇಕೇ ಎಂದರೆ ನಾಳೆ. ಫ್ಯಾನ್ ಹಾಕಲೇ ಎಂದರೆ ನಾಳೆ. ಸಿಟ್ಟು ಬಂದರೆ ಅದನ್ನೇ ಗದರಿ ಹೇಳುತ್ತಾಳೆ, ನಗು ಬಂದರೆ ಅದನ್ನೇ ಎಳೆದು ಹೇಳುತ್ತಾಳೆ. ಆಯುಷ್ಯವೆಲ್ಲ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಯಾವ ಬಸ್ಸು ಎಷ್ಟು ಹೊತ್ತಿಗೆ ಎಂದು ಸಾರಿದವಳು. ಅವಳ ದನಿ ಕೇಳಿ ಚಹಾದ ಲೋಟ ಅರ್ಧಕ್ಕೇ ಬಿಟ್ಟು ಓಡಿದವರೆಷ್ಟೋ. ಈಗ ಅವಳ ಬಾಯಲ್ಲಿ ಎಲ್ಲ ಬಸ್ಸೂ ನಾಳೆಯೇ.

ಬೆಳಗ್ಗೆ ನಾನೇ ಅವಳ ಮುಖ ತೊಳೆಸಿ, ತಲೆ ಬಾಚಿ, ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನಿಸಿ ಹೊರಡುತ್ತೇನೆ. ಆಮೇಲೆ ಕೆಳಮನೆಯ ಟೀಚರು ಮೇಲೆ ಬರುತ್ತಾರೆ. ಮಾತು ಹೋದವರಿಗೆ ಮತ್ತೆ ಮಾತು ಕಲಿಸುವ ಓದು ಓದಿದವರು. ಚಿಕ್ಕ ವಯಸ್ಸು, ದೊಡ್ಡ ತಾಳ್ಮೆ. ಅವರು ನಮ್ಮ ಕೆಳಗೇ ಬಾಡಿಗೆಗಿರುವುದು ನಮ್ಮ ಪುಣ್ಯ.

ನಮ್ಮ ಸಂಶೋಧನಾ ಸಂಸ್ಥೆಯ ಫಾರ್ಮಿನಲ್ಲಿ ಇವತ್ತು ಹೊಸ ಸುತ್ತಿನ ಪ್ರಯೋಗ ಶುರು. ಎಂಟು ಹೆಣ್ಣು ಹಂದಿಗಳು, ಒಟ್ಟಿಗೇ ಬೆಳೆದವು. ಪ್ರಾಣಿಗಳಿಗೆ ಹೆಸರಿಡುವ ಚಾಳಿ ನನಗಿಲ್ಲ. ಕಿವಿಯ ಬಿಲ್ಲೆಯ ಬಣ್ಣವೇ ಗುರುತು: ಹಸಿರು, ಕೆಂಪು, ನೀಲಿ ಹೀಗೆ. ದೊಡ್ಡಿಯ ಒಂದು ಗೋಡೆಗೆ ಎರಡು ಪುಟ್ಟ ಕೋಣೆ. ಎರಡಕ್ಕೂ ಇಣುಕುಕಿಂಡಿ, ಎರಡಕ್ಕೂ ಬಾಗಿಲು. ಅಗುಳಿ ಹೊರಗಡೆಗಿದೆ, ಹಂದಿಯ ಮೂತಿಯ ಎತ್ತರಕ್ಕೆ. ಮೇಲಕ್ಕೆ ಎತ್ತಿದರೆ ಬಾಗಿಲು ಬಿಚ್ಚಿಕೊಳ್ಳುತ್ತದೆ. ಹಂದಿ ಎಂದರೆ ಎಲ್ಲದಕ್ಕೂ ಮೂಗು ತೂರಿಸುವ ಪ್ರಾಣಿ, ಹಾಗಾಗಿ ಕಲಿಸುವುದು ಕಷ್ಟವಾಗಲಿಲ್ಲ. ಕಲಿಯುವಾಗ ಎತ್ತಿದ್ದಕ್ಕೆಲ್ಲ ಒಂದು ಸೇಬಿನ ಚೂರು ಕೊಟ್ಟಿದ್ದೆ. ಈಗ ಏನೂ ಇಲ್ಲ. ಒಂದು ಕೋಣೆಯಲ್ಲಿ ಗುಂಪಿನ ಒಂದು ಹಂದಿಯನ್ನು ಕೂಡಿಹಾಕುತ್ತೇವೆ, ಇನ್ನೊಂದು ಖಾಲಿ. ಹೊರಗಿರುವವು ಯಾವ ಬಾಗಿಲು ತೆರೆಯುತ್ತವೆ? ಒಳಗಿರುವುದಕ್ಕಾಗಿ ತೆರೆಯುತ್ತವೋ, ಸುಮ್ಮನೆ ಕುತೂಹಲಕ್ಕೋ? ಇಷ್ಟೇ ಪ್ರಶ್ನೆ. ಇದರ ಸುತ್ತಲೇ ನನ್ನ ತಲೆಗೂದಲು ಉದುರಿದೆ.


ಮಾರ್ಚ್ ೭, ಗುರುವಾರ

ಕೆಂಪನ್ನು ಕೂಡಿಹಾಕಿದ್ದೆವು. ಹಸಿರು ಕಿಂಡಿಯಲ್ಲಿ ಇಣುಕಿತು, ಕೆಂಪು ಒಳಗಿನಿಂದ ಕಿರುಚಿತು, ಹಸಿರು ನೆಟ್ಟಗೆ ಹೋಗಿ ಅಗುಳಿ ಎತ್ತಿತು. ಖಾಲಿ ಕೋಣೆಯ ಕಡೆ ತಿರುಗಿಯೂ ನೋಡಲಿಲ್ಲ.

"ಕಾಪಾಡ್ತು ಸಾರ್! ನೋಡಿದ್ರಾ, ಕಾಪಾಡ್ತು!" ಎಂದು ರೇಡಿಯೋ ಕುಣಿದ. ಹಂದಿಗಳಿಗೆ ಮೇವು ಹಾಕಿ ದೊಡ್ಡಿ ತೊಳೆಯುವವನು ಅವನು. ಆಫ್ ಮಾಡುವ ಗುಂಡಿ ಇಲ್ಲದ್ದರಿಂದ ಆ ಹೆಸರು.

"ಕಾಪಾಡ್ತು ಅನ್ಬೇಡ. ಬಾಗಿಲು ತೆಗೀತು ಅನ್ನು."

"ಅಲ್ಲ ಸಾರ್, ನೀವು ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ದಾಗ ನಾನು ಬಂದು ಬಿಡಿಸಿದ್ರೆ, 'ಇವನು ಬಾಗಿಲು ತೆಗೆದ' ಅಂತ ಬರ್ಕೋತೀರಾ?"

"ನಿನಗೆ ಸುಮ್ನೆ ಲಿಫ್ಟಲ್ಲಿ ಓಡಾಡೋ ಆಸೆ ಇತ್ತೋ ಏನೋ, ನನಗೇನು ಗೊತ್ತು?"

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೆ ನಾನು ತಮಾಷೆಗೆ ಹೇಳಿದ್ದಲ್ಲ. 'ಸಹಾಯ' ಎಂಬ ಪದ ನನ್ನ ವರದಿಗಳಲ್ಲಿ ಇಲ್ಲ. 'ಬಾಗಿಲು ತೆರೆಯುವ ವರ್ತನೆ' ಎಂದಿದೆ. ಕಿರುಚಾಟ ಕೇಳಲಾರದೆ ತೆರೆದಿರಬಹುದು, ಜೊತೆ ಬೇಕೆಂದು ತೆರೆದಿರಬಹುದು. ಮನಸ್ಸಿನೊಳಗೆ ಇಣುಕಲು ನಮಗೆ ಕಿಂಡಿ ಇಲ್ಲ.

ಸಂಜೆ ಟೀಚರು ಮೆಟ್ಟಿಲ ಬಳಿ ತಡೆದರು. "ಸಾರ್, ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಅಮ್ಮ ಏನಾದ್ರೂ ಹೇಳೋಕೆ ಬಾಯಿ ತೆಗೆಯೋಷ್ಟರಲ್ಲಿ ನೀವೇ ಹೇಳಿ ಮುಗಿಸ್ತೀರ. ಸ್ವಲ್ಪ ಕಾಯಿರಿ."

ಕಾಯುತ್ತೇನೆ ಎಂದೆ. ಊಟಕ್ಕೆ ಕೂತಾಗ ಅಕ್ಕ ಎಡಗೈಯಿಂದ ಏನೋ ತೋರಿಸಿ ಬಾಯಿ ತೆರೆದಳು. ಉಪ್ಪು ಎಂದು ಗೊತ್ತೇ ಇತ್ತು. ಕೊಟ್ಟುಬಿಟ್ಟೆ. ಗೊತ್ತಿರುವುದಕ್ಕೆ ಕಾಯುವುದೇನು?


ಮಾರ್ಚ್ ೧೨, ಮಂಗಳವಾರ

ಅಕ್ಕನ ಸ್ವಭಾವವೇ ಬದಲಾಗಿದೆ. ಬೆಳಗ್ಗೆ ಬ್ರೆಡ್ಡಿಗೆ ತಾನೇ ಬೆಣ್ಣೆ ಸವರಲು ಹೊರಟಳು. ಎಡಗೈಯಲ್ಲಿ ಚಾಕು, ಬ್ರೆಡ್ಡು ತಟ್ಟೆಯಲ್ಲಿ ಗಾಣದ ಎತ್ತಿನ ಹಾಗೆ ಸುತ್ತುತ್ತಿದೆ. ನನಗೋ ಹೊರಡುವ ಹೊತ್ತು. ಪಾಪ ಅನ್ನಿಸಿ ಚಾಕು ತೆಗೆದುಕೊಂಡೆ. "ನಾಳೆ!" ಎಂದು ಕಿರುಚಿ ಚಹಾದ ಲೋಟವನ್ನು ತಳ್ಳಿದಳು. ಚಹಾ ನನ್ನ ಅಂಗಿಗೆಲ್ಲ ಆಯಿತು.

ನಾನು ಇಷ್ಟೆಲ್ಲ ಮಾಡುವುದು ಯಾರಿಗಾಗಿ? ಮದುವೆ ಬೇಡ ಎಂದಾಗ ಊರೆಲ್ಲ ನಕ್ಕರೂ ಅವಳೊಬ್ಬಳು ನನ್ನ ಪರ ನಿಂತಿದ್ದಳು. ಭಾವ ಹೋದ ಮೇಲೆ ನನ್ನ ಜೊತೆ ಇರಲು ಬಂದಳು. ಅವಳಿಗೆ ಒಂದು ಕಡ್ಡಿ ಎತ್ತಲೂ ಬಿಡದೆ ನೋಡಿಕೊಂಡಿದ್ದೇನೆ. ಅದಕ್ಕೆ ಈ ಬಹುಮಾನ.

ಅಂಗಿ ಬದಲಿಸಿ ಹೊರಟೆ. ಬೆಣ್ಣೆ ಸವರಿಟ್ಟ ಬ್ರೆಡ್ಡನ್ನು ಅವಳು ಮುಟ್ಟಲಿಲ್ಲವಂತೆ. ಸಂಜೆಯವರೆಗೂ ಅದು ಹಾಗೇ ತಟ್ಟೆಯಲ್ಲಿತ್ತು.


ಮಾರ್ಚ್ ೧೯, ಮಂಗಳವಾರ

ಹೊಳೆಯಾಚೆಯ ಒಂದು ಫಾರ್ಮಿನಲ್ಲಿ ಆಫ್ರಿಕನ್ ಹಂದಿಜ್ವರ ಎಂಬ ಸುದ್ದಿ. ಮದ್ದಿಲ್ಲದ ಕಾಯಿಲೆ. ಮನುಷ್ಯರಿಗೆ ಅಂಟುವುದಿಲ್ಲ, ಆದರೆ ಮನುಷ್ಯರ ಬೂಟಿಗೆ, ಲಾರಿಯ ಗಾಲಿಗೆ ಅಂಟಿಕೊಂಡು ಊರೂರು ಸುತ್ತುತ್ತದೆ. ಡಾಕ್ಟ್ರಮ್ಮ ಬಂದು ಗೇಟಿನಲ್ಲಿ ಔಷಧಿ ನೀರಿನ ತೊಟ್ಟಿ ಇಡಿಸಿ ಹೋದಳು. ಸರ್ಕಾರದ ಪಶುವೈದ್ಯೆ, ಹಿಂದೆ ನನ್ನ ವಿದ್ಯಾರ್ಥಿನಿ. ಮೊದಲ ಬೆಂಚಿನಲ್ಲಿ ಕೂತು ಅಡ್ಡ ಪ್ರಶ್ನೆ ಕೇಳುತ್ತಿದ್ದವಳು.

"ದೂರ ಇದೆ ಸಾರ್. ಆದ್ರೂ ಹುಷಾರು."

ರೇಡಿಯೋ ತೊಟ್ಟಿಯಲ್ಲಿ ಕಾಲಿಟ್ಟು, "ಮದುವೆಮನೆ ಬಾಗಿಲಲ್ಲಿ ಕಾಲು ತೊಳೆಸ್ಕೊಂಡ ಹಾಗಾಯ್ತು" ಎಂದ.


ಮಾರ್ಚ್ ೨೩, ಶನಿವಾರ

ನೀಲಿಯದೊಂದು ತಲೆನೋವು. ಅಗುಳಿ ಎತ್ತುವುದು ಅದಕ್ಕೆ ಗೊತ್ತಿದೆ, ಕಲಿಯುವಾಗ ಎಲ್ಲಕ್ಕಿಂತ ಬೇಗ ಕಲಿತದ್ದೇ ಅದು. ಆದರೆ ಈಗ ಅದರ ಸರದಿ ಬಂದಾಗ ಎತ್ತುವುದಿಲ್ಲ. ಹೋಗಿ ಬಾಗಿಲಿಗೆ ಮೈ ಒರಗಿಸಿ ಮಲಗಿಬಿಡುತ್ತದೆ. ಸೋಮಾರಿ ಎಂದು ರೇಡಿಯೋ ತೀರ್ಪು ಕೊಟ್ಟ. ನಾನೂ ಹಾಗೇ ಅಂದುಕೊಂಡಿದ್ದೆ. ಇವತ್ತು ದನಿಯ ಮುದ್ರಣಗಳನ್ನು ಕೂತು ಕೇಳಿದೆ. ನೀಲಿ ಹೊರಗೆ ಮಲಗಿದಾಗ ಒಳಗಿನ ಹಂದಿ ಕಿರುಚುವುದು ಕಡಿಮೆಯಾಗುತ್ತದೆ. ಕೆಲವು ಸಲ ನಿಂತೇಹೋಗುತ್ತದೆ. ಬಾಗಿಲಿನ ಈಚೆಗೊಂದು, ಆಚೆಗೊಂದು, ಎರಡೂ ಗುರುಗುಟ್ಟುತ್ತ ಮಲಗಿರುತ್ತವೆ.

ಇದನ್ನು ಏನೆಂದು ಬರೆಯುವುದು? ಬಾಗಿಲು ತೆರೆಯಿತು, ತೆರೆಯಲಿಲ್ಲ ಎಂದು ಎರಡೇ ಖಾನೆ ಇಟ್ಟಿದ್ದೇನೆ. ತೆರೆಯಲಿಲ್ಲ ಎಂದೇ ಗುರುತು ಹಾಕಿದೆ.

ಹೊಳೆಯ ಈಚೆಗೂ ಒಂದು ಕಡೆ ಜ್ವರವಂತೆ.


ಮಾರ್ಚ್ ೨೭, ಬುಧವಾರ

ಡಾಕ್ಟ್ರಮ್ಮ ಒಳಗೆ ಬರಲಿಲ್ಲ. ಗೇಟಿನ ಆಚೆ ನಿಂತೇ ಫೋನಿನಲ್ಲಿ ನಕ್ಷೆ ತೋರಿಸಿದಳು. ನಮ್ಮದೇ ರಸ್ತೆಯ ಮೇಲಿನ ಫಾರ್ಮೊಂದಕ್ಕೆ ಚುಕ್ಕೆ. ಅದರ ಸುತ್ತ ಕೆಂಪು ವೃತ್ತ.

"ಇದು ಕಾಯಿಲೆ ಬಂದಿರೋ ಜಾಗ ಸಾರ್. ಇದು ನೀವು."

ನಾವು ಗೆರೆಯ ಒಳಗಿದ್ದೆವು. ಅಂಚಿನಲ್ಲಿ, ಆದರೂ ಒಳಗೆ.

"ನಮ್ಮವು ಗಟ್ಟಿಮುಟ್ಟಾಗಿವೆ. ಒಂದಕ್ಕೂ ಮೈ ಬಿಸಿ ಇಲ್ಲ. ರಕ್ತ ತಗೊಂಡು ಪರೀಕ್ಷೆ ಮಾಡಮ್ಮ."

"ತಗೋತೀನಿ. ಆದ್ರೆ ವರದಿ ಬರೋವರೆಗೂ ಕಾಯೋ ಹಾಗಿಲ್ಲ. ಗೆರೆ ಒಳಗಿರೋದೆಲ್ಲ ಹೋಗ್ಬೇಕು."

"ಹೋಗ್ಬೇಕು ಅಂದ್ರೆ?"

ಅವಳು ನೆಲ ನೋಡಿದಳು. ವಿಷಯವನ್ನು ಸುತ್ತಿಬಳಸಿ ಹೇಳಬಾರದು ಎಂದು ಅವಳಿಗೆ ಕಲಿಸಿದವನೇ ನಾನು. "ಕೊಲ್ಲಬೇಕು ಸಾರ್" ಎಂದಳು.

ಅವಳದು ತಪ್ಪಿಲ್ಲ. ಜ್ವರ ಮೈಯಲ್ಲಿ ಹೊಕ್ಕರೂ ಕೆಲವು ದಿನ ಹಂದಿ ಆರಾಮಾಗಿಯೇ ಇರುತ್ತದೆ. ಅಷ್ಟರಲ್ಲಿ ಅದು ಇನ್ನೆಷ್ಟು ದೊಡ್ಡಿಗೆ ಹಬ್ಬುವುದೋ ಹೇಳಲಾಗದು. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅದೇ ದೊಡ್ಡ ಸಂಕಟ. ಬೈಯಲು ಯಾರೂ ಇಲ್ಲ.

ಮನೆಗೆ ಬಂದಾಗ ಅಕ್ಕ ಕಿಟಕಿಯ ಬಳಿ ಕೂತಿದ್ದಳು. ನಾನು ಚಪ್ಪಲಿ ಬಿಡುವುದರಲ್ಲೇ ನನ್ನ ಮುಖ ನೋಡಿ ಕೋಲು ಹಿಡಿದು ಎದ್ದಳು. "ಏನಿಲ್ಲ, ಕೂತ್ಕೋ" ಎಂದೆ. ಕೂರಲಿಲ್ಲ.


ಮಾರ್ಚ್ ೩೦, ಶನಿವಾರ

ಹೇಳುವವರಿಗೆಲ್ಲ ಹೇಳಿಯಾಯಿತು. ಸಂಶೋಧನೆಯ ಪ್ರಾಣಿಗಳೆಂದು ವಿನಾಯಿತಿ ಕೇಳಿದೆ. ಬೇಕಾದರೆ ದೊಡ್ಡಿಗೆ ಬೀಗ ಹಾಕಿ ನಾನೂ ಒಳಗೇ ಇರುತ್ತೇನೆ ಎಂದೆ. ಒಂದು ಕಚೇರಿಯವರು ಇನ್ನೊಂದರ ನಂಬರು ಕೊಟ್ಟರು, ಅವರು ಮೊದಲನೆಯದರ ನಂಬರನ್ನೇ ಕೊಟ್ಟರು. ಕಲ್ಲಿನ ಮೇಲೆ ನೀರು ಹೊಯ್ದ ಹಾಗೆ. ಕೊನೆಗೆ ನಮ್ಮ ನಿರ್ದೇಶಕರ ಕೋಣೆಗೆ ಹೋದೆ. ಒಳ್ಳೆಯ ಮನುಷ್ಯ, ಕುರ್ಚಿ ಎಳೆದು ಕೂರಿಸಿದರು.

"ನಂಗೂ ಹೊಟ್ಟೆ ಉರೀತದೆ ಕಣ್ರೀ. ಆದ್ರೆ ಪಕ್ಕದ ಫಾರ್ಮಿನವನ ಹಂದಿ ಕೊಂದು ನಿಮ್ಮದನ್ನ ಬಿಟ್ರೆ ಅವನಿಗೆ ನಾನು ಯಾವ ಮುಖ ತೋರಿಸ್ಲಿ?"

ಅವರು ಕೊಟ್ಟ ನೀರು ಕುಡಿದು ಎದ್ದು ಬಂದೆ.

ದೊಡ್ಡಿಯ ಬಳಿ ರೇಡಿಯೋ ಕಾಯುತ್ತಿದ್ದ. ದನಿ ತಗ್ಗಿಸಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಸಾರ್, ನಮ್ಮ ಚಿಕ್ಕಪ್ಪನ ಹಿತ್ತಲಿದೆ. ದೂರ, ಯಾರೂ ಬರಲ್ಲ. ಎಂಟೂ ಬೇಡ, ಒಂದೆರಡನ್ನಾದ್ರೂ ಸಾಗಿಸಿಬಿಡೋಣ. ವ್ಯಾನು ನಾನು ತರ್ತೀನಿ. ನೀವು ಹೂಂ ಅನ್ನಿ ಸಾಕು."

ಒಂದು ಕ್ಷಣ, ಸುಳ್ಳೇಕೆ, ಯಾವ ಎರಡು ಎಂದು ಯೋಚಿಸಿಬಿಟ್ಟೆ.

"ಬೇಡ" ಎಂದೆ.

"ಯಾಕೆ ಸಾರ್?"

"ಜ್ವರ ಇದ್ರೆ? ನಿಮ್ಮ ಚಿಕ್ಕಪ್ಪನ ಅಕ್ಕಪಕ್ಕ ಯಾರೂ ಹಂದಿ ಸಾಕಿಲ್ವಾ?"

"ಜ್ವರ ಇಲ್ಲ ಅಂತ ನೀವೇ ಅಂದ್ರಲ್ಲ!"

"ಇಲ್ಲ ಅಂತ ನನಗೆ ಅನ್ನಿಸ್ತದೆ. ಗೊತ್ತಿಲ್ಲ."

"ನಿಮಗೆ ಯಾವತ್ತೂ ಏನೂ ಗೊತ್ತಿರಲ್ಲ ಬಿಡಿ. ಅದು ಬಿಡಿಸ್ತು ಅಂದ್ರೂ ಗೊತ್ತಿಲ್ಲ, ಇದು ಬದುಕ್ತದೆ ಅಂದ್ರೂ ಗೊತ್ತಿಲ್ಲ" ಎಂದು ಬಕೆಟ್ಟನ್ನು ಒದ್ದು ಹೋದ. ಆಮೇಲೆ ಸಂಜೆಯವರೆಗೂ ಒಂದು ಮಾತಿಲ್ಲ. ಅವನ ಸದ್ದಿಲ್ಲದ ದೊಡ್ಡಿ ಬೇರೆಯದೇ ಜಾಗದಂತಿತ್ತು.

ಊಟದ ಹೊತ್ತಿಗೆ ಅಕ್ಕನಿಗೆ ಎಲ್ಲ ಹೇಳಿದೆ. ವೃತ್ತ, ನಿರ್ದೇಶಕರು, ವ್ಯಾನು, ನೀಲಿ ಬಾಗಿಲಿಗೆ ಒರಗಿ ಮಲಗುವುದು, ಎಲ್ಲ. ಹೇಳುತ್ತ ಹೋದಂತೆ ಊಟ ಆರಿತು. ಅವಳು ಮಧ್ಯೆ ಒಮ್ಮೆ ಬಾಯಿ ತೆರೆದು, ತಡಕಾಡಿ, ಬಿಟ್ಟಳು. ಮತ್ತೆ ತೆರೆದಳು. ಏನು ಹೇಳಬೇಕೆಂದಿದ್ದಳೋ ನನಗೆ ತಿಳಿಯಲಿಲ್ಲ. ಅವಳು ಬಿಟ್ಟುಕೊಡುವವರೆಗೂ ನೋಡುತ್ತ ಕೂತಿದ್ದೆ.


ಏಪ್ರಿಲ್ ೧, ಸೋಮವಾರ

ಡಾಕ್ಟ್ರಮ್ಮ ಬೆಳಗ್ಗೆಯೇ ಫೋನ್ ಮಾಡಿದಳು.

"ಸಾರ್, ಮಂಗಳವಾರ ನಿಮ್ಮ ಫಾರ್ಮಿನ ಸರದಿ. ಒಂದು ಕೇಳ್ತೀನಿ. ಆಗಲ್ಲ ಅಂದ್ರೆ ಆಗಲ್ಲ ಅನ್ನಿ. ಬೇರೆ ಫಾರ್ಮುಗಳಲ್ಲಿ ಹಂದಿ ಹಿಡಿಯೋಕೆ ಜನ ಓಡಿಸ್ತಾರೆ, ಹಗ್ಗ ಹಾಕ್ತಾರೆ, ಅವು ಅರಚಿ ಅರಚಿ... ನಿಮ್ಮವು ನೀವು ಕರೆದ್ರೆ ತಾವಾಗೇ ಬರ್ತವೆ ಅಲ್ವಾ? ನೀವಿದ್ರೆ ಅವು ಹೆದರಲ್ಲ."

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಬಂದ್ರೆ ಆಮೇಲೆ ಕೆಲವು ದಿನ ಫಾರ್ಮಿನಲ್ಲೇ ಇರ್ಬೇಕಾಗ್ತದೆ. ಹೊರಗೆ ಹೋಗೋ ಹಾಗಿಲ್ಲ. ಮನೇಲಿ ಅಕ್ಕ ಇದ್ದಾರಲ್ಲ, ಅದಕ್ಕೇ ಕೇಳೋಕೆ ಹಿಂದೆಮುಂದೆ ನೋಡಿದೆ."

ಅಕ್ಕನೇ ನನಗೆ ನೆಪವಾಗಬಹುದಿತ್ತು. ಅವಳನ್ನು ಬಿಟ್ಟು ಒಂದು ರಾತ್ರಿಯೂ ಹೊರಗೆ ಮಲಗಿದವನಲ್ಲ ನಾನು. ಯಾರೂ ಏನೂ ಅನ್ನುತ್ತಿರಲಿಲ್ಲ. ಸಂಜೆ ಹೇಳುತ್ತೇನೆ ಎಂದೆ.

ಟೀಚರಿಗೆ ಹೇಳಿದಾಗ, "ನಾನು ಮೇಲೇ ಮಲಗ್ತೀನಿ, ಹೋಗಿ ಬನ್ನಿ ಸಾರ್. ನೀವಿಲ್ದಿದ್ರೆ ಅಮ್ಮನೂ ಸ್ವಲ್ಪ ಉಸಿರಾಡ್ತಾರೆ" ಎಂದು ನಾಲಗೆ ಕಚ್ಚಿಕೊಂಡರು.

ಅಕ್ಕನ ಎದುರು ಕೂತು ಹೇಳಿದೆ. "ನಾನೇ ಅವನ್ನ ಒಳಗೆ ಕರ್ಕೊಂಡು ಹೋಗ್ಬೇಕಂತೆ. ಹೋಗ್ದಿದ್ರೂ ಅವು ಸಾಯ್ತವೆ. ಹೋದ್ರೆ ಓಡಿಸ್ಕೊಂಡು, ಹೆದರ್ಕೊಂಡು ಸಾಯೋದು ತಪ್ಪುತ್ತೆ. ಅಷ್ಟೇ ವ್ಯತ್ಯಾಸ."

"ನಾಳೆ" ಎಂದಳು.

"ಹೌದು, ನಾಳೆ" ಎಂದೆ. ಇಷ್ಟು ತಿಂಗಳಲ್ಲಿ ಮೊದಲ ಸಲ ಆ ಮಾತು ತನ್ನ ಜಾಗದಲ್ಲಿ ಬಂದು ಬಿತ್ತು. ಕೇಳಲು ಇಂಥ ದಿನವೇ ಬೇಕಿತ್ತೇ?

ಚೀಲ ತುಂಬುವಾಗ ಅವಳು ನನ್ನ ಟವೆಲ್ಲನ್ನು ಮಂಚದ ಮೇಲೆ ಹರಡಿ ಒಂದೇ ಕೈಯಲ್ಲಿ ಮಡಚತೊಡಗಿದಳು. ಒಂದು ಮೂಲೆ ಹಿಡಿದರೆ ಇನ್ನೊಂದು ಜಾರುತ್ತಿತ್ತು. ಗದ್ದದಿಂದ ಒತ್ತಿ ಹಿಡಿದಳು. ಮಡಚಿದ್ದು ಸೊಟ್ಟಗಿತ್ತು. ಹಾಗೇ ಚೀಲದಲ್ಲಿ ಇಟ್ಟುಕೊಂಡೆ. ಬಸ್ಸು ತಪ್ಪಿತು, ಮುಂದಿನ ಬಸ್ಸಿಗೆ ಬಂದೆ. ಇದನ್ನು ಬರೆಯುತ್ತಿರುವುದು ಫಾರ್ಮಿನ ಅತಿಥಿ ಕೋಣೆಯಲ್ಲಿ.


ಏಪ್ರಿಲ್ ೨, ಮಂಗಳವಾರ

ಆಯಿತು.


ಏಪ್ರಿಲ್ ೩, ಬುಧವಾರ

ಬರೆಯದಿದ್ದರೆ ಅದೇ ತಲೆಯಲ್ಲಿ ಸುತ್ತುತ್ತದೆ. ಬಲಗೈ ಊದಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕಾಗೆ ಕಾಲು ಗುಬ್ಬಿ ಕಾಲು.

ಚುಚ್ಚುಮದ್ದನ್ನು ಪ್ರಯೋಗದ ಕೋಣೆಯಲ್ಲೇ ಕೊಡುವುದೆಂದು ಡಾಕ್ಟ್ರಮ್ಮ ತೀರ್ಮಾನಿಸಿದ್ದಳು. ಅವಕ್ಕೆ ಪರಿಚಿತ ಜಾಗ, ಹೆದರಿಕೆ ಇಲ್ಲ. ಮೊದಲು ಮಂಪರು ಬರಿಸುವುದು, ಆಮೇಲೆ ಇನ್ನೊಂದು. ಕೋಣೆಯ ಹಿಂಗೋಡೆಯಲ್ಲಿ ಹೊರಕ್ಕೆ ತೆಗೆಯುವ ಬಾಗಿಲು ಇದೆ, ಅಲ್ಲಿಂದ ಸಾಗಿಸುವುದು. ಕಿಂಡಿಗೆ ಗೋಣಿ ಕಟ್ಟಿದೆವು. ಎಲ್ಲ ಸರಿಯಾಗಿ ಯೋಚಿಸಿದ್ದೆವು.

ಮೊದಲು ಕೆಂಪಿಯನ್ನು ಕರೆದೆ. ಕಿವಿ ಬೀಸಿಕೊಂಡು ಬಂದಳು. ಡಾಕ್ಟ್ರಮ್ಮ ಮತ್ತು ಅವಳ ಸಹಾಯಕ ಒಳಗಿದ್ದರು. ನಾನು ಬಾಗಿಲು ಹಾಕಿ ಹೊರಗೆ ನಿಂತೆ. ಸೂಜಿ ಚುಚ್ಚಿದಾಗ ಕೆಂಪಿ ಒಮ್ಮೆ ಕಿರುಚಿದಳು. ಅಷ್ಟೇ. ಒಂದೇ ಸಲ.

ಹಸಿರು ದೊಡ್ಡಿಯ ಆ ಮೂಲೆಯಿಂದ ಓಡಿ ಬಂದಳು. ನಾನು ನೋಡುತ್ತಿರುವಂತೆಯೇ ಅಗುಳಿ ಎತ್ತಿದಳು. ಬಾಗಿಲು ಬಿಚ್ಚಿಕೊಂಡಿತು, ಕೆಂಪಿ ತೂರಾಡುತ್ತ ಹೊರಬಂದಳು. ಹಸಿರು ಅವಳ ಮೂತಿ ಮೂಸಿದಳು. ಒಳಗಿನಿಂದ ಡಾಕ್ಟ್ರಮ್ಮ ಸಿರಿಂಜು ಹಿಡಿದುಕೊಂಡೇ ನನ್ನನ್ನು ನೋಡಿದಳು.

ಮತ್ತೆ ಒಳಗೆ ಸೇರಿಸಿದೆವು. ಹಸಿರು ಮತ್ತೆ ಬಂದಳು. ಆ ಬಾಗಿಲಿಗೆ ಬೀಗವಿಲ್ಲ, ಚಿಲಕವಿಲ್ಲ. ಹಂದಿಗಳು ತೆರೆಯಲೆಂದೇ ನಾನೇ ಮಾಡಿಸಿದ ಬಾಗಿಲು. ಉಳಿದವನ್ನು ಬೇರೆ ಕಡೆ ಅಟ್ಟೋಣವೆಂದರೆ ಅಟ್ಟಿದಷ್ಟೂ ಬೆದರುತ್ತಿದ್ದವು. ಅದು ಬೇಡವೆಂದೇ ಅಲ್ಲವೇ ನಾನು ಬಂದದ್ದು?

"ಸಾರ್, ಅಗುಳಿ ಹಿಡ್ಕೊಳ್ಳಿ" ಎಂದಳು ಡಾಕ್ಟ್ರಮ್ಮ ಒಳಗಿನಿಂದ.

ಹಿಡಿದುಕೊಂಡೆ. ಮಂಡಿಯೂರಿ ಕೂತು, ಅಗುಳಿಯ ಮೇಲೆ ಬಲಗೈ ಇಟ್ಟು, ಮೈಭಾರ ಬಿಟ್ಟು ಒತ್ತಿ ಹಿಡಿದೆ. ಬಿಡಿಸಲು ಬಂದವಳು ನನ್ನ ಕೈಯ ಕೆಳಗೆ ಮೂತಿ ತೂರಿಸಿ ಎತ್ತಿದಳು. ಒದ್ದೆ ಮೂತಿ. ಎಷ್ಟು ಬಲ! ನನ್ನ ಬೆರಳುಗಳನ್ನು ಅಗುಳಿಗೆ ಸೇರಿಸಿ ಜಜ್ಜುವ ಹಾಗೆ ಎತ್ತಿದಳು. ಕಚ್ಚಲಿಲ್ಲ. ಬೇಕಾದರೆ ಕಚ್ಚಬಹುದಿತ್ತು. ಸ್ವಲ್ಪ ಹಿಂದೆ ಸರಿದು ನನ್ನ ಮುಖ ನೋಡಿದಳು. ಕಲಿಯುವ ದಿನಗಳಲ್ಲಿ ಅಗುಳಿಯ ಪಕ್ಕ ಕೂತು ಸೇಬು ಕೊಡುತ್ತಿದ್ದವನೂ ನಾನೇ. ಆಗ ಮಾಡುತ್ತಿದ್ದ ಸದ್ದನ್ನೇ ಮಾಡಿದಳು, ಗಂಟಲೊಳಗಿನ ಸಣ್ಣ ಸದ್ದು. ಸರಿಯಾಗಿಯೇ ಮಾಡುತ್ತಿದ್ದೇನಲ್ಲ ಎಂದು ಕೇಳುವಂತೆ. ಮತ್ತೆ ಮೂತಿ ತೂರಿಸಿದಳು.

ನಾನು ಕೈ ತೆಗೆಯಲಿಲ್ಲ.

ಕೊನೆಗೆ ಹಸಿರು ಖಾಲಿ ಕೋಣೆಗೆ ಹೋಗಿ, ಅದರ ಅಗುಳಿ ಎತ್ತಿ, ಒಳಗೆ ನೋಡಿ, ವಾಪಸು ಬಂದು ನನ್ನ ಎದುರು ನಿಂತಳು. ಕುತೂಹಲವೋ, ಗೊಂದಲವೋ, ಇನ್ನೇನೋ. ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಒಬ್ಬೊಬ್ಬರನ್ನೇ ಕರೆದೆ. ಪ್ರತಿ ಸಲ ಯಾರೋ ಒಬ್ಬಳು ಅಗುಳಿಗೆ ಬಂದಳು. ರೇಡಿಯೋ ಹಗ್ಗ ತಂದ, ಕಟ್ಟಲು ಕೊಂಡಿಯಿರಲಿಲ್ಲ. ಹಗ್ಗ ಬಿಸಾಕಿ, ನನ್ನ ಪಕ್ಕ ಕೂತು, ನನ್ನ ಕೈಯ ಮೇಲೆ ತನ್ನ ಕೈ ಇಟ್ಟು ಒತ್ತಿದ. ಅವನ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ನೀಲಿ ಅಗುಳಿಯ ಹತ್ತಿರ ಬರಲೇ ಇಲ್ಲ. ಉದ್ದಕ್ಕೂ ಬಾಗಿಲ ಬುಡದಲ್ಲಿ ನಮ್ಮ ಮೊಣಕಾಲಿಗೆ ತಾಗಿಕೊಂಡು ಮಲಗಿದ್ದಳು. ಪ್ರತಿ ಸಲ ಬಾಗಿಲು ತೆಗೆಯಲು ಅವಳನ್ನು ಎಬ್ಬಿಸಬೇಕಾಯಿತು, ಎದ್ದು ಮತ್ತೆ ಬಂದು ಮಲಗಿದಳು. ಕೊನೆಯವಳು ಅವಳೇ. ಒಳಗೆ ಕರೆದಾಗ ನಾನೂ ಅವಳ ಜೊತೆ ಹೋದೆ. ಹೊರಗಿನಿಂದ ಬಾಗಿಲು ತೆರೆಯುವವರು ಯಾರೂ ಉಳಿದಿರಲಿಲ್ಲವಾದ್ದರಿಂದ ಅಗುಳಿ ಹಿಡಿಯುವ ಅಗತ್ಯವಿರಲಿಲ್ಲ. ಅವಳ ಪಕ್ಕ ನೆಲಕ್ಕೆ ಒರಗಿದೆ. ಅವಳ ಬೆನ್ನು ನನ್ನ ಎದೆಗೆ ಬೆಚ್ಚಗಿತ್ತು. ಅವಳು ಕಿರುಚಲಿಲ್ಲ.

ಡಾಕ್ಟ್ರಮ್ಮ ಕೈಗವಸು ಬಿಚ್ಚಿ, "ಹೆದರಿಲ್ಲ ಸಾರ್. ನಿಜವಾಗ್ಲೂ ಹೆಚ್ಚೇನೂ ಹೆದರಿಲ್ಲ" ಎಂದಳು. ಅದು ಯಾರಿಗೆ ಹೇಳಿಕೊಂಡದ್ದೋ.


ಏಪ್ರಿಲ್ ೫, ಶುಕ್ರವಾರ

ರಕ್ತದ ವರದಿ ಬಂತು. ಎಂಟರಲ್ಲಿ ಒಬ್ಬಳಿಗೂ ಜ್ವರ ಇರಲಿಲ್ಲ.

ಡಾಕ್ಟ್ರಮ್ಮ ಫೋನಿನಲ್ಲಿ ಇಷ್ಟು ಹೇಳಿ, ಫೋನ್ ಇಡದೆ ಲೈನಿನಲ್ಲೇ ಇದ್ದಳು. "ಇದ್ದಿದ್ರೂ ಇರ್ಬಹುದಿತ್ತು. ಊಟ ಮಾಡಿದೆಯಾ?" ಎಂದು ಕೇಳಿದೆ. ಇಲ್ಲವೆಂದಳು. ಮಾಡು ಎಂದೆ. ಇನ್ನೇನು ಹೇಳಲಿ ಆ ಮಗುವಿಗೆ? ಅವಳಿಗೆ ಇನ್ನೂ ಎಷ್ಟು ಫಾರ್ಮುಗಳು ಬಾಕಿ ಇವೆಯೋ.

ರೇಡಿಯೋಗೆ ಹೇಳಲೇಬೇಕಿತ್ತು. ವ್ಯಾನಿನ ಮಾತು ಎತ್ತಿ ನನ್ನನ್ನು ಹರಿದು ಹಾಕುತ್ತಾನೆಂದು ಕಾದೆ. ಅವನು ಚಹಾ ಮಾಡಿ ತಂದು ನನ್ನ ಎಡಗೈಗೆ ಲೋಟ ಕೊಟ್ಟ. ತೊಳೆದು ಸುಣ್ಣ ಬಳಿದ ದೊಡ್ಡಿಯ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಅವನು ಏನೂ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಬಿಸಿಲು ಆ ಗೋಡೆಯಿಂದ ಈ ಗೋಡೆಗೆ ಬಂದಾಗ ಎದ್ದೆವು.

ಸಂಜೆ ಮನೆಗೆ ಫೋನ್ ಮಾಡಿದೆ. ಟೀಚರು ಅಕ್ಕನ ಕಿವಿಗೆ ಹಿಡಿದರು. ಅವಳ ಉಸಿರು ಕೇಳಿಸುತ್ತಿತ್ತು. ನುಂಗುವುದು ಕೇಳಿಸಿತು. ಏನೋ ಅಕ್ಷರ ನಾಲಗೆಗೆ ತಾಗಿ ವಾಪಸು ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ಕಿವಿಗೆ ಫೋನ್ ಒತ್ತಿಕೊಂಡು ನಿಂತಿದ್ದೆ. ಕಾಲು ಸೋತಾಗ ಗೋಡೆಗೆ ಒರಗಿದೆ. ಮಾತು ಬರಲಿಲ್ಲ. ಫೋನ್ ಇಟ್ಟದ್ದು ಅವಳೇ.

ವರದಿಯ ಖಾನೆಗಳನ್ನು ಇನ್ನೊಮ್ಮೆ ತೆಗೆದು ನೋಡಿದೆ. ನೀಲಿಯ ಮುಂದೆ 'ತೆರೆಯಲಿಲ್ಲ' ಎಂದಿದ್ದಲ್ಲೆಲ್ಲ 'ಜೊತೆಗಿದ್ದಳು' ಎಂದು ತಿದ್ದಿದೆ. ಇದನ್ನು ಯಾವ ಪತ್ರಿಕೆಯೂ ಒಪ್ಪುವುದಿಲ್ಲ.


ಏಪ್ರಿಲ್ ೬, ಶನಿವಾರ

ಮಧ್ಯಾಹ್ನ ನಮ್ಮನ್ನು ಬಿಟ್ಟರು. ಅವತ್ತು ಹಾಕಿಕೊಂಡಿದ್ದ ಬಟ್ಟೆ, ಚಪ್ಪಲಿ ಎಲ್ಲ ಅಲ್ಲೇ ಸುಟ್ಟರು. ಯಾರದೋ ಹಳೆಯ ಬೂಟು ಕೊಟ್ಟು ಕಳಿಸಿದರು, ಒಂದು ಅಳತೆ ಚಿಕ್ಕದು. ಲೇಸನ್ನು ರೇಡಿಯೋ ಕಟ್ಟಿಕೊಟ್ಟಿದ್ದ, ದನ ಕಟ್ಟುವ ಗಂಟು. ಬಸ್ಸಿಳಿದು ಬರುವಾಗ ಮಳೆ ಹನಿದು ಗಂಟು ನೆಂದು ಇನ್ನೂ ಬಿಗಿಯಾಯಿತು.

ಮೆಟ್ಟಿಲು ಹತ್ತಿ ಬಾಗಿಲವರೆಗೂ ಬಂದವನಿಗೆ ಅಲ್ಲಿಂದ ಮುಂದೆ ಆಗಲಿಲ್ಲ. ಹೊಸ್ತಿಲ ಪಕ್ಕದ ಸ್ಟೂಲಿನ ಮೇಲೆ ಕೂತೆ. ಬೂಟು ಬಿಚ್ಚಬೇಕು, ಬಲಗೈ ಮಡಚುತ್ತಿಲ್ಲ. ಎಡಗೈಗೆ ಗಂಟು ಬಗ್ಗುತ್ತಿಲ್ಲ. ಅಳು ಬಂತು. ಕೈಕಾಲು ಕಟ್ಟಿಹಾಕಿದ ಹಾಗೆ ಕೂತು ಅತ್ತೆ, ಇಷ್ಟು ವಯಸ್ಸಾದವನು.

ಕೋಲಿನ ಸದ್ದು ಕೇಳಿಸಿತು. ಅಕ್ಕ ಬಂದು ನನ್ನನ್ನು ನೋಡಿದಳು. ನನ್ನ ಊದಿದ ಕೈ ನೋಡಿದಳು. ಕುರ್ಚಿಯೊಂದನ್ನು ಎಡಗೈಯಿಂದ ಎಳೆದಳು, ಅದು ಚಾಪೆಗೆ ಸಿಕ್ಕಿಕೊಂಡಿತು, ಬಿಡಿಸಿ ಮತ್ತೆ ಎಳೆದಳು. ಎದುರು ಕೂತು ನನ್ನ ಕಾಲನ್ನು ತನ್ನ ಮಡಿಲಿಗೆ ಎತ್ತಿಕೊಂಡಳು. ಕೆಸರು ಬೂಟು ಅವಳ ಒಗೆದ ಬಟ್ಟೆಯ ಮೇಲೆ. ಬಾಗಿ ಗಂಟಿಗೆ ಉಗುರು ಹಾಕಿದಳು. ಉಗುರು ಜಾರಿತು. ತಲೆಯ ಹೇರ್‌ಪಿನ್ ತೆಗೆದು ಗಂಟಿನೊಳಗೆ ತೂರಿಸಿದಳು. ಹುಬ್ಬು ಗಂಟಿಕ್ಕಿತ್ತು, ನಾಲಗೆಯ ತುದಿ ತುಟಿಯ ಮೂಲೆಯಲ್ಲಿ ಹೊರಬಂದಿತ್ತು. ಬಿಡಿಬಿಡಿಯಾದ ಕೂದಲು ಕಣ್ಣ ಮೇಲೆ ಬೀಳುತ್ತಿದ್ದರೂ ಸರಿಸಿಕೊಳ್ಳಲು ಅವಳಿಗೆ ಇನ್ನೊಂದು ಕೈ ಇರಲಿಲ್ಲ.

ಸದ್ದು ಕೇಳಿ ಮೇಲೆ ಬಂದ ಟೀಚರು, "ಅಯ್ಯೋ, ಕೊಡಿ ಅಮ್ಮಾ, ನಾನು ಬಿಚ್ತೀನಿ" ಎಂದು ಮುಂದೆ ಬಂದರು.

"ಬಿಡಿ ಟೀಚರೇ" ಎಂದೆ. "ಅವಳು ಬಿಚ್ತಾಳೆ."

ಟೀಚರು ಮೆಟ್ಟಿಲ ಮೇಲೇ ಕೂತರು. ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಶುರುವಾಗುತ್ತಿರಲಿಲ್ಲ. ಕಡೆಗೆ ಒಂದು ಎಳೆ ಸಡಿಲವಾಯಿತು, ಆಮೇಲೆ ಇನ್ನೊಂದು. ಅಕ್ಕ ಹಿಮ್ಮಡಿ ಹಿಡಿದು ಬೂಟು ಎಳೆದಳು. ಬಂತು. ಅದನ್ನು ಪಕ್ಕಕ್ಕಿಟ್ಟು, ಏದುಸಿರು ಬಿಡುತ್ತ, ಅಂಗೈ ಚಾಚಿದಳು.

ನಾನು ಇನ್ನೊಂದು ಕಾಲು ಕೊಟ್ಟೆ.